ಹಳದಿ ಅಂಗಿಯ ತಂಡಕ್ಕೆ ನಾನು ಬರೆದ ಸುಳ್ಳು ಅಂದಾಜು

ನನ್ನ ಜಾಗಕ್ಕೆ ನಮ್ಮ ಊರಿನ ಕಡೆಯವರೊಬ್ಬರನ್ನೇ ತರಿಸಿಕೊಳ್ಳುತ್ತಾರಂತೆ. ಯಾರು, ಎಷ್ಟು ಪ್ರಾಯ, ನನಗೆ ಗೊತ್ತಿಲ್ಲ. ನಿವೃತ್ತನಾದವನು ಅದನ್ನೆಲ್ಲ ವಿಚಾರಿಸಲು ಹೋಗಬಾರದು. ಆದರೆ ಬಹರೈನಿಗೆ ಬೇಸ್‌ಬಾಲ್ ಮೈದಾನ ನೋಡಿಕೊಳ್ಳಲು ಬರುವವರಿಗೆ ಕನ್ನಡದಲ್ಲಿ ಓದಲು ಒಂದು ಹಾಳೆಯೂ ಸಿಗಲಾರದು. ನನಗೂ ಸಿಕ್ಕಿರಲಿಲ್ಲ. ಹಾಗಾಗಿ ಗೊತ್ತಿರುವಷ್ಟನ್ನು ಬರೆದಿಡುತ್ತಿದ್ದೇನೆ.

ಇದರಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ. ನಾನು ಬೇಕೆಂದೇ ಬರೆದ ಒಂದು ಸುಳ್ಳಿನ ವಿಷಯವೇ ಇದರಲ್ಲಿ ದೊಡ್ಡದು. ಅದರಿಂದ ನಮ್ಮ ತಂಡಕ್ಕೆ ಕಪ್ ತಪ್ಪಿತು, ನನಗೆ ಇದ್ದ ಒಬ್ಬನೇ ಗೆಳೆಯ ತಪ್ಪಿಹೋದ. ಅಲ್ಲಿಗೆ ಬರುವ ಮೊದಲು ಕೆಲಸ ಎಂಥದ್ದು ಎಂದು ಹೇಳಬೇಕು, ಇಲ್ಲದಿದ್ದರೆ ಸುಳ್ಳು ಎಲ್ಲಿ ಹೊಕ್ಕಿತು ಎಂಬುದು ತಿಳಿಯುವುದಿಲ್ಲ.

ನನ್ನ ವೀಸಾದಲ್ಲಿ ಬರೆದಿದ್ದ ಕೆಲಸ ತೋಟಗಾರ ಎಂದು. ಮೂವತ್ತು ವರ್ಷ ತೋಟಗಾರನಾಗಿದ್ದು ಒಂದು ಹೂವಿನ ಗಿಡ ನೆಟ್ಟವನಲ್ಲ ನಾನು. ಬರುವ ಮೊದಲು ಉಡುಪಿಯ ಕಡೆ ಒಂದು ಕಾಲೇಜಿನ ಕ್ರಿಕೆಟ್ ಮೈದಾನ ನೋಡಿಕೊಳ್ಳುತ್ತಿದ್ದೆ. ನಮ್ಮ ಅರ್ಬಾಬ್, ಅಂದರೆ ಧಣಿ, ಬಹರೈನಿನವರೇ. ಎಳೆ ಪ್ರಾಯದಲ್ಲಿ ಅಮೆರಿಕದಲ್ಲಿ ಓದಿ ಬರುವಾಗ ಬೇಸ್‌ಬಾಲ್ ಹುಚ್ಚನ್ನೂ ಹತ್ತಿಸಿಕೊಂಡು ಬಂದವರು. ಸೀಫ್‌ನಲ್ಲಿ ಅವರ ಆಫೀಸು. ಜುಫೈರ್‌ನ ಎತ್ತರದ ಕಟ್ಟಡಗಳ ಹಿಂದೆ, ಸಮುದ್ರ ತುಂಬಿಸಿ ಮಾಡಿದ ಜಾಗದಲ್ಲಿ ಅವರ ಮೈದಾನ. ಅವರ ತಂಡಕ್ಕೆ ಹಳದಿ ಅಂಗಿ. ಅಲ್ಲೇ ಹತ್ತಿರದ ನೌಕಾನೆಲೆಯವರದು ನೀಲಿ ಅಂಗಿ. ಇನ್ನು ಜಪಾನಿನ ಎಂಜಿನಿಯರುಗಳದ್ದೊಂದು, ಫಿಲಿಪೀನ್ಸಿನವರದ್ದೊಂದು, ಸೇತುವೆ ದಾಟಿ ಸೌದಿಯಿಂದ ಬರುವ ತಂಡವೊಂದು. ಇಷ್ಟು ಮಂದಿ ಸೇರಿ ಚಳಿಗಾಲವಿಡೀ ಆಡುತ್ತಿದ್ದರು.

ಮೈದಾನ ನೋಡುವವನಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಮೊದಲ ವಾರ ನಾನು ಮಾಡಿದ್ದು ನನಗೆ ಗೊತ್ತಿದ್ದದ್ದನ್ನೇ. ನೀರು ಹಾಕಿದೆ, ರೋಲರ್ ತರಿಸಿದೆ, ಬೇಸ್‌ಗಳ, ಅಂದರೆ ಓಟಗಾರರು ಮುಟ್ಟಿ ಓಡುವ ನಾಲ್ಕು ಗುರುತುಗಳ, ನಡುವಿನ ಮಣ್ಣನ್ನು ಕ್ರಿಕೆಟ್ ಪಿಚ್ಚಿನ ಹಾಗೆ ಉರುಳಿಸಿ ಉರುಳಿಸಿ ಸಿಮೆಂಟು ಮಾಡಿಟ್ಟೆ. ನನ್ನ ಮೈದಾನ ನೋಡಿ ನನಗೇ ಖುಷಿ. ಶುಕ್ರವಾರ ಆಟ ಶುರುವಾದ ಹತ್ತು ನಿಮಿಷಕ್ಕೆ ನೆಲಕ್ಕೆ ಬಡಿದ ಚೆಂಡು ಪುಟಿದು ನಮ್ಮದೇ ಆಟಗಾರನ ಬಾಯಿಗೆ ಬಿತ್ತು. ಎರಡು ಹಲ್ಲು ಹೋಯಿತು. ಆಗ ಕೋಚ್ ಆಗಿದ್ದವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ದಪ್ಪ ಮನುಷ್ಯ. ಅವರು ಬಂದು ನೆಲದ ಮೇಲೆ ಕಾಲು ಕುಟ್ಟಿ, ನನ್ನ ಮುಖ ನೋಡಿ, ಇದರ ಮೇಲೆ ವಿಮಾನ ಇಳಿಸುತ್ತೀಯಾ ಎಂದು ಕೇಳಿದರು. ಮರುದಿನ ಅವರೇ ಕುದುರೆ ಲಾಯಕ್ಕೆ ಹಾಕುವಂಥ ಒಂದು ಕಬ್ಬಿಣದ ಬಲೆ ತಂದು, ಅದನ್ನು ಎಳೆದು ಮಣ್ಣನ್ನು ಸಡಿಲ ಮಾಡುವುದನ್ನು ಬಿಸಿಲಲ್ಲಿ ನನ್ನ ಜೊತೆ ನಡೆದು ತೋರಿಸಿದರು. ನಾನು ಕಂಡ ಮೇಲಿನವರಲ್ಲಿ ಬೈದ ಮರುದಿನ ಜೊತೆಗೆ ನಡೆದವರು ಅವರೊಬ್ಬರೇ.

ಇನ್ನೊಂದು ತಪ್ಪು ನೀರಿನದು. ಮುಂದೆ ಬರುವವರು ಇದನ್ನು ಮಾತ್ರ ಮರೆಯಬಾರದು. ಇಲ್ಲಿನ ಬಾವಿಯ ನೀರು ಉಪ್ಪು. ಟ್ಯಾಂಕರಿನವನು ಸಿಹಿನೀರು ಎಂದು ಹೇಳಿ ಏನನ್ನೋ ತಂದು ಸುರಿದ, ನಾನು ನಂಬಿದೆ. ಮೂರು ದಿನಕ್ಕೆ ಮೈದಾನದ ಮೇಲೆ ಬೂದಿ ಬಳಿದಂತೆ ಬಿಳಿ ಪದರ ಎದ್ದಿತು. ಜಾರಿ ಬಿದ್ದವರ ಮೊಣಕೈ ಗಾಯಕ್ಕೆಲ್ಲ ಉಪ್ಪು ಹತ್ತಿ ಆಟಗಾರರು ಕುಣಿದಾಡಿದರು. ಅಂದಿನಿಂದ ಟ್ಯಾಂಕರ್ ಬಂದರೆ ನಾನು ಮೊದಲು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಯೇ ಪೈಪ್ ಬಿಡಿಸುತ್ತಿದ್ದೆ. ಟ್ಯಾಂಕರಿನವರು ನಕ್ಕರೆ ನಗಲಿ. ತುಂಬಿಸಿದ ನೆಲವಾದ್ದರಿಂದ ಮಣ್ಣಿನಲ್ಲಿ ಕಪ್ಪೆಚಿಪ್ಪು ಏಳುತ್ತಲೇ ಇರುತ್ತದೆ. ಅದನ್ನು ಆಟದ ದಿನ ಬೆಳಿಗ್ಗೆ ಬಗ್ಗಿ ಹೆಕ್ಕಬೇಕು. ಯಂತ್ರ ಬಂದ ಮೇಲೂ ಅದಕ್ಕೆ ಕೈಯೇ ಬೇಕು.

ಎರಡನೆಯ ವರ್ಷ ಸ್ಕೋರ್ ಬರೆಯುತ್ತಿದ್ದವನು ಊರಿಗೆ ಹೋದ, ಪುಸ್ತಕ ನನ್ನ ಕೈಗೆ ಬಂತು. ಹೀಗೆ ಮೈದಾನದವನೇ ಸ್ಕೋರಿನವನೂ ಆದೆ. ಬೇಸ್‌ಬಾಲ್ ಸ್ಕೋರ್ ಪುಸ್ತಕ ಒಂದು ವಿಚಿತ್ರ. ಎಷ್ಟು ರನ್ ಎಂದು ಬರೆದರೆ ಸಾಲದು, ಪ್ರತಿಯೊಂದು ಘಟನೆಯೂ ಯಾರಿಂದ ಆಯಿತು ಎಂದು ಬರೆಯಬೇಕು. ತಪ್ಪು ಯಾರದು ಎಂದು ತೀರ್ಮಾನಿಸುವವನು ಸ್ಕೋರರ್. ಆಡುವ ಹದಿನೆಂಟು ಮಂದಿಯ ನ್ಯಾಯಾಧೀಶ ಒಬ್ಬ ತೋಟಗಾರ.

ಇದರಲ್ಲಿ ಒಂದು ಸಂಗತಿಯನ್ನು ವಿವರಿಸಲೇಬೇಕು. ಒಂದನೆಯ ಬೇಸಿನಲ್ಲಿ ನಿಂತ ಎದುರಾಳಿ ಓಟಗಾರ, ನಮ್ಮ ಪಿಚ್ಚರ್ ಚೆಂಡು ಎಸೆಯಲು ಶುರು ಮಾಡಿದ ಕೂಡಲೇ ಎರಡನೆಯ ಬೇಸಿಗೆ ಓಡಬಹುದು. ಇದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಕ್ಯಾಚರ್ ಆ ಚೆಂಡನ್ನು ಹಿಡಿದು, ಎದ್ದು, ಎರಡನೆಯ ಬೇಸಿಗೆ ಎಸೆದು ಅವನನ್ನು ಔಟ್ ಮಾಡಬೇಕು. ಓಟಗಾರ ಗೆದ್ದರೆ ತಪ್ಪು ಇಬ್ಬರಲ್ಲಿ ಒಬ್ಬರದು. ಒಂದೋ ಪಿಚ್ಚರ್ ಎಸೆಯಲು ತಡ ಮಾಡಿದ, ಇಲ್ಲವೇ ಕ್ಯಾಚರ್‌ನ ಕೈಯಲ್ಲಿ ಬಲವಿಲ್ಲ. ಪುಸ್ತಕದಲ್ಲಿ ಇದಕ್ಕೆ ಜಾಗವಿರಲಿಲ್ಲ. ನಾನು ಸ್ಟಾಪ್‌ವಾಚ್ ಇಟ್ಟುಕೊಂಡು, ಅಂಚಿನಲ್ಲಿ ಕನ್ನಡದಲ್ಲಿ ಒಂದು ಅಕ್ಷರ ಬರೆಯುತ್ತಿದ್ದೆ. ಎಸೆದವನ ತಪ್ಪಾದರೆ 'ಎ'. ಹಿಡಿದವನ ತಪ್ಪಾದರೆ 'ಹಿ'. ಅದು ನನಗೂ ಇನ್ನೊಬ್ಬನಿಗೂ ಬಿಟ್ಟರೆ ಆ ಮೈದಾನದಲ್ಲಿ ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲ.

ಆ ಇನ್ನೊಬ್ಬನೇ ಜೆರೋಮ್. ಅವನ ವಿಷಯಕ್ಕೆ ಈಗ ಬರುತ್ತೇನೆ. ಅದಕ್ಕೆ ಮೊದಲು ಸೆಪ್ಟೆಂಬರಿನ ಹಾಳೆ.

ಇಲ್ಲಿ ಬೇಸಿಗೆಯಲ್ಲಿ ಆಟವಿಲ್ಲ. ಮೇ ತಿಂಗಳಿಗೆ ಮೈದಾನ ಖಾಲಿ. ರಜೆಗೆ ಹೋದವರು ಹೋದರು, ವರ್ಗವಾದವರು ಹೋದರು, ತಂಡದಲ್ಲಿ ಅರ್ಧ ಉಳಿದರೆ ಹೆಚ್ಚು. ಮೈದಾನದ ರಿಪೇರಿ ಎಲ್ಲ ಆ ತಿಂಗಳುಗಳಲ್ಲೇ ಆಗಬೇಕಾದ್ದರಿಂದ ನಾನು ಉಳಿಯುತ್ತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಹೋಗಲು ಅವಸರವೂ ಇರಲಿಲ್ಲ, ಮಕ್ಕಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಕೆಲಸ ಶುರು ಮಾಡಿ ಒಂಬತ್ತಕ್ಕೆ ನಿಲ್ಲಿಸಿದರೆ ಮತ್ತೆ ಇಡೀ ದಿನ ಬುಸೈತೀನ್‌ನ ಫ್ಲ್ಯಾಟಿನಲ್ಲಿ ಏಸಿಯ ಸದ್ದು ಕೇಳುತ್ತಾ ಕೂರುವುದು. ಕೆಲವು ಸಲ ಎರಡು ದಿನ ಬಾಯಿ ತೆರೆದು ಮಾತಾಡಿಲ್ಲ ಎಂದು ಅಂಗಡಿಯಲ್ಲಿ ಹಾಲು ಕೇಳುವಾಗ ಗೊತ್ತಾಗುತ್ತಿತ್ತು. ಗಂಟಲು ಕಟ್ಟಿರುತ್ತಿತ್ತು. ಈ ಕೆಲಸಕ್ಕೆ ಬರುವವರಿಗೆ ಬಿಸಿಲಿನ ವಿಷಯ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಆ ಖಾಲಿ ತಿಂಗಳುಗಳಲ್ಲೇ ಅರ್ಬಾಬ್ ಹೊಸ ಆಟಗಾರರನ್ನು ಹುಡುಕುತ್ತಿದ್ದರು. ಶಾಲೆಯ ಮೇಷ್ಟ್ರು, ನೌಕಾನೆಲೆಗೆ ಹೊಸದಾಗಿ ಬಂದವರು, ಹೋಟೆಲಿನ ಜಿಮ್ಮಿನವರು, ಹೀಗೆ ಯಾರಿಗೆ ಆಟ ಬರುತ್ತದೋ ಅವರನ್ನು ಹಿಡಿದು ಹಳದಿ ಅಂಗಿ ಹಾಕಿಸುವುದು. ಸೆಪ್ಟೆಂಬರಿನಲ್ಲಿ ನನ್ನನ್ನು ಕರೆದು ಕೇಳುತ್ತಿದ್ದರು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. ಪ್ರಶ್ನೆ ಮಾತ್ರ ಪ್ರತಿ ವರ್ಷ ಅದೇ: "ವಾಮನ್, ಈ ಸಲ ಕಪ್ ಆಗುತ್ತದಾ?"

ಒಂದು ವರ್ಷ ಐದು ಮಂದಿ ಒಳ್ಳೆಯ ಆಟಗಾರರು ಒಟ್ಟಿಗೆ ಸಿಕ್ಕಿದರು. ಕೋಚ್ ಕಪ್ ಇಡಲು ಕಪಾಟು ಒರೆಸಿಟ್ಟರು. ನಾನು ಅಭ್ಯಾಸದ ದಿನ ಆ ಐವರ ಟೋಪಿ ನೋಡಿದೆ. ಐದರಲ್ಲೂ ಒಂದೇ ಹಡಗಿನ ಹೆಸರು. ಆಗುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಜನವರಿಯಲ್ಲಿ ಹಡಗು ಹೊರಟಿತು, ನಮ್ಮ ಅರ್ಧ ತಂಡವೂ ಅದರ ಜೊತೆ ಹೊರಟಿತು. ಅಂದಿನಿಂದ ಅರ್ಬಾಬ್ ನನ್ನ ಹಾಳೆ ನೋಡದೆ ಯಾರನ್ನೂ ಖಾಯಂ ಮಾಡುತ್ತಿರಲಿಲ್ಲ. ಯಾರು ಹೋದರು, ಯಾರು ಬಂದರು, ಯಾವ ಜಾಗ ಗಟ್ಟಿ, ಯಾವ ಜಾಗ ಸಡಿಲ, ಫೈನಲ್‌ಗೆ ಹೋಗುತ್ತೇವೋ ಇಲ್ಲವೋ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆಯುವುದು, ಅದನ್ನು ಜೆರೋಮ್ ತಿದ್ದಿ ಚಂದ ಮಾಡುವುದು. ಆ ಹಾಳೆಯನ್ನು ಕಿಟ್ ರೂಮಿನ ಬೋರ್ಡಿಗೆ ಚುಚ್ಚುತ್ತಿದ್ದರು.

ಜೆರೋಮ್ ಶಿರ್ವದ ಕಡೆಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಇಲ್ಲಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಊರಿನಲ್ಲಿ ಕ್ರಿಕೆಟ್ ಕೀಪರ್ ಆಗಿದ್ದ. ಒಂದು ಸಂಜೆ ಆಟ ನೋಡಲು ಬಂದವನನ್ನು, ಕ್ಯಾಚರ್ ಬಾರದ ದಿನ, ನಾನೇ ಕೋಚ್ ಮುಂದೆ ನಿಲ್ಲಿಸಿದೆ. ಕುಕ್ಕರಗಾಲಲ್ಲಿ ಕುಳಿತು ಚೆಂಡು ಹಿಡಿಯುವುದು ಅವನಿಗೆ ಹೊಸದಲ್ಲ. ಮುಖಕ್ಕೆ ಹಾಕುವ ಕಬ್ಬಿಣದ ಜಾಲರಿಗೆ ಮಾತ್ರ ನಕ್ಕ. "ಎಂತ ವಾಮನಣ್ಣ, ನಾಯಿಗೆ ಬಾಯಿ ಕಟ್ಟಿದ ಹಾಗೆ ಉಂಟಲ್ಲ ಇದು" ಎಂದ. ಆಮೇಲೆ ಹದಿನಾಲ್ಕು ವರ್ಷ ಅದನ್ನೇ ಹಾಕಿಕೊಂಡ.

ಅವನಿಗೆ ಮದುವೆ ಆಗಿರಲಿಲ್ಲ. ಪುರುಸೊತ್ತು ಸಿಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಇಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಚರ್ಚಿಗೆ ಹೋಗಿ, ಅಲ್ಲಿಂದ ಮುಹರಕ್ ಮಾರುಕಟ್ಟೆಗೆ ಹೋಗಿ, ಅಂಜಲ್ ಸಿಕ್ಕಿದರೆ ಅಂಜಲ್, ಇಲ್ಲದಿದ್ದರೆ ಇಲ್ಲಿನ ಸಾಫಿ ಮೀನು ಹಿಡಿದುಕೊಂಡು ನನ್ನ ಫ್ಲ್ಯಾಟಿಗೆ ಬರುತ್ತಿದ್ದ. ಮಸಾಲೆ ಕಡೆಯುವುದು ನಾನು, ಮೀನು ಕೊಯ್ಯುವುದು ಅವನು. ಉಂಡು, ಅರ್ಧ ಗಂಟೆ ಅಡ್ಡಾಗಿ, ಅವನ ಹಳೆ ಕಾರಿನಲ್ಲಿ ಇಬ್ಬರೂ ಮೈದಾನಕ್ಕೆ. ವಾರದ ಉಳಿದ ಆರು ದಿನ ನಾನು ಆ ಒಂದು ದಿನದ ಹಿಂದೆಯೋ ಮುಂದೆಯೋ ಇರುತ್ತಿದ್ದೆ ಎಂದರೆ ಹೆಚ್ಚಲ್ಲ. ಬೇಸಿಗೆಯಲ್ಲೂ ಅವನು ಬರುತ್ತಿದ್ದ. ಆ ಊರಿನಲ್ಲಿ ನನ್ನ ಬಾಗಿಲು ಬಡಿಯುತ್ತಿದ್ದವನು ಅವನೊಬ್ಬನೇ.

ಅವನ ಹದಿಮೂರನೆಯ ಸೀಸನ್ನಿನಲ್ಲಿ ನನಗೆ ಮೊದಲು ಗೊತ್ತಾಯಿತು. ಚೆಂಡು ಎರಡನೆಯ ಬೇಸಿಗೆ ಹೋಗುವಾಗ ಕೊನೆಯಲ್ಲಿ ಇಳಿಯುತ್ತಿತ್ತು. ಸ್ಟಾಪ್‌ವಾಚ್ ಸುಳ್ಳು ಹೇಳುವುದಿಲ್ಲ. ಪಿಚ್ಚರ್ ಸರಿಯಾದ ಹೊತ್ತಿಗೇ ಎಸೆದಿದ್ದಾನೆ, ಓಟಗಾರ ಆರಾಮವಾಗಿ ಸೇರಿದ್ದಾನೆ. ಬರೆಯಬೇಕಾದ ಅಕ್ಷರ 'ಹಿ'. ಪೆನ್ಸಿಲ್ ಕೈಯಲ್ಲಿ ಹಿಡಿದು ಒಂದು ಕ್ಷಣ ಕುಳಿತೆ. ಆಮೇಲೆ 'ಎ' ಎಂದು ಬರೆದೆ.

ಯಾಕೆ ಎಂದು ಹೇಳಿಬಿಡುತ್ತೇನೆ. ಅದಕ್ಕೆ ಎರಡು ವಾರ ಮೊದಲು ಊಟದ ಹೊತ್ತಿನಲ್ಲಿ ಜೆರೋಮ್ ಹೇಳಿದ್ದ: "ನನ್ನನ್ನು ಟೀಮಿಂದ ತೆಗೆದ ದಿನ ನಾನು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ವಾಮನಣ್ಣ. ಮತ್ತೆ ಇಲ್ಲಿ ಎಂತ ಉಂಟು ನಂಗೆ? ಡ್ಯೂಟಿ, ರೂಮು, ಡ್ಯೂಟಿ, ರೂಮು. ತಮ್ಮನ ಮನೇಲಿ ಒಂದು ಕೋಣೆ ಉಂಟು, ಅಲ್ಲಿ ಹೋಗಿ ಬೀಳ್ತೇನೆ."

ನಾನು ಮೀನಿನ ಮುಳ್ಳು ಬಿಡಿಸುತ್ತಾ ಹೂಂ ಎಂದೆ. ಮೈದಾನದಲ್ಲಿ ಪೆನ್ಸಿಲ್ ಹಿಡಿದಾಗ ನೆನಪಾದದ್ದು ಆ ಮಾತು.

ಒಮ್ಮೆ ಬರೆದ ಮೇಲೆ ಕೈಗೆ ಅಭ್ಯಾಸವಾಯಿತು. ಆ ಸೀಸನ್ನಿನಲ್ಲಿ ಕದ್ದುಹೋದ ಬೇಸುಗಳಿಗೆಲ್ಲ ಪಿಚ್ಚರುಗಳೇ ಹೊಣೆ ಎಂದಾಯಿತು. ಪಾಪ, ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಾವು ಮೂರನೆಯ ಸ್ಥಾನಕ್ಕೆ ಬಂದೆವು, ನಾವು ಯಾವಾಗಲೂ ಬರುತ್ತಿದ್ದದ್ದು ಅದೇ ಸ್ಥಾನಕ್ಕೆ.

ಮುಂದಿನ ಸೆಪ್ಟೆಂಬರಿನಲ್ಲಿ ಅರ್ಬಾಬ್ ಸೀಫ್‌ನ ಆಫೀಸಿಗೇ ಕರೆಸಿದರು. ಆ ಬೇಸಿಗೆಯಲ್ಲಿ ಅವರ ಬೇಟೆ ಚೆನ್ನಾಗಿ ಆಗಿತ್ತು. ಜಪಾನಿನವರ ತಂಡದಿಂದ ಮುನಿಸಿಕೊಂಡು ಬಂದ ಒಬ್ಬ ಒಳ್ಳೆಯ ಫೀಲ್ಡರ್, ಶಾಲೆಯೊಂದಕ್ಕೆ ವ್ಯಾಯಾಮದ ಮೇಷ್ಟ್ರಾಗಿ ಬಂದ ವೆನೆಜುವೆಲಾದ ಪಿಚ್ಚರ್. ಅದೇ ಶಾಲೆಗೆ ಇನ್ನೊಬ್ಬ ಎಳೆಯ ಮೇಷ್ಟ್ರೂ ಬಂದಿದ್ದ. ಅವನು ಕ್ಯಾಚರ್.

"ಆ ಹುಡುಗ ಬರಲು ತಯಾರಿದ್ದಾನೆ" ಎಂದರು ಅರ್ಬಾಬ್. "ಆದರೆ ಬೆಂಚಿನಲ್ಲಿ ಕೂರುವುದಿಲ್ಲವಂತೆ. ಬಂದರೆ ಮೊದಲ ಒಂಬತ್ತರಲ್ಲೇ ಇರಬೇಕಂತೆ. ಇಲ್ಲದಿದ್ದರೆ ನೀಲಿಯವರ ಕಡೆ ಹೋಗುತ್ತಾನೆ. ಜೆರೋಮ್ ಹಳಬ, ಅವನನ್ನು ತೆಗೆಯಲು ನನಗೂ ಮನಸ್ಸಿಲ್ಲ. ನಿನ್ನ ಪುಸ್ತಕ ಏನು ಹೇಳುತ್ತದೆ?"

ಹೇಳಲು ಅದೇ ಹೊತ್ತು. ಭುಜ ಹೋಗಿದೆ, ಹುಡುಗನನ್ನು ತೆಗೆದುಕೊಳ್ಳಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಳೆಯಲ್ಲಿ ಬರೆದು ಕೊಡುತ್ತೇನೆ ಎಂದು ಎದ್ದು ಬಂದೆ.

ಹಾಳೆ ಬರೆಯಲು ಶುಕ್ರವಾರ ಕುಳಿತೆವು. ಜೆರೋಮ್ ಹಿಂದಿನ ವರ್ಷದ ಪುಸ್ತಕ ತೆಗೆದು ಅಂಚಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದ. ಎ, ಎ, ಎ, ಎ.

"ಇದೆಲ್ಲ ಪಿಚ್ಚರ್‌ದಾ?" ಎಂದು ಕೇಳಿದ.

"ಹೌದು."

"ನಿಜವಾಗಿ? ನಂಗೆ ಭುಜ ಒಂದು ನಮೂನೆ ಎಳೀತಿತ್ತು. ನಾನೇ ಲೇಟ್ ಅಂತ ಎಣಿಸಿದ್ದೆ."

"ವಾಚ್ ನೋಡಿಯೇ ಬರೆದದ್ದು ನಾನು" ಎಂದೆ.

ಅವನ ಮುಖ ಬಿಚ್ಚಿಕೊಂಡಿತು. "ಹಾಗಾದ್ರೆ ಕೈ ಇನ್ನೂ ಉಂಟು ನಂಗೆ. ಈ ವರ್ಷ ಒಂದು ಕಪ್ ನೋಡಿಯೇ ಬಿಡುವ ವಾಮನಣ್ಣ" ಎಂದು, ನಾನು ಕ್ಯಾಚರ್ ಜಾಗದ ಮುಂದೆ ಬರೆದಿದ್ದ ಗಟ್ಟಿ ಎಂಬ ಪದದ ಇಂಗ್ಲಿಷ್ ಸ್ಪೆಲಿಂಗನ್ನು ಸರಿ ಮಾಡಿದ. ಫೈನಲ್‌ಗೆ ಹೋಗುತ್ತೇವೆ, ಗೆಲ್ಲುವ ಸಾಧ್ಯತೆ ಇದೆ ಎಂದು ಹಾಳೆಯ ಕೊನೆಯಲ್ಲಿ ಬರೆದೆ. ಅದರಲ್ಲಿ ಮೊದಲ ಅರ್ಧ ನಿಜ. ಹುಡುಗ ಮೇಷ್ಟ್ರು ನೀಲಿ ಅಂಗಿ ಹಾಕಿಕೊಂಡ.

ಆ ವರ್ಷದ ಆಟ ನಾನು ಕಂಡದ್ದರಲ್ಲೆಲ್ಲ ಚಂದ. ವೆನೆಜುವೆಲಾದ ಮೇಷ್ಟ್ರು ಎಸೆಯಲು ನಿಂತರೆ ಎದುರಾಳಿಗಳು ಒಂದನೆಯ ಬೇಸಿಗೂ ಬರುವುದು ಕಷ್ಟ, ಇನ್ನು ಕದಿಯುವುದೆಲ್ಲಿಂದ? ಹಾಗಾಗಿ ಜೆರೋಮನ ಭುಜ ಮುಚ್ಚಿಹೋಯಿತು. ನಾನು ಬರೆದದ್ದೇ ನಿಜವಾಯಿತೇನೋ ಎಂದು ನನಗೂ ಅನ್ನಿಸತೊಡಗಿತು. ಆದರೆ ಮಾರ್ಚಿಗೆ ಬರುವಾಗ ಅವನು ಊಟದ ನಂತರ ನೋವಿನ ಮಾತ್ರೆ ನುಂಗುವುದನ್ನು ಕಂಡೆ. ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಗ್ಗುಲು ಬದಲಿಸುವ ಕೆಲಸ ಅವನದು. ಅದರಿಂದ ಬಂದ ನೋವು ಇರಬೇಕು ಎಂದ. ಪುಸ್ತಕವೇ ಸರಿ ಎಂದ ಮೇಲೆ ಎಸೆಯುವುದರಿಂದ ನೋವು ಬರಲಿಕ್ಕೆ ಸಾಧ್ಯವೇ ಇಲ್ಲ ಎಂಬುದು ಅವನ ಲೆಕ್ಕಾಚಾರ. ಆ ಮಾತ್ರೆಯ ಪಟ್ಟಿ ನನ್ನ ಮೇಜಿನ ಮೇಲೇ ಇತ್ತು, ನೀರಿನ ಲೋಟ ಕೊಟ್ಟವನು ನಾನೇ.

ಫೈನಲ್ ನೀಲಿಯವರ ಮೇಲೆ. ಅವರು ನಾಲ್ಕು ತಿಂಗಳು ನಮ್ಮನ್ನು ನೋಡಿಕೊಂಡಿದ್ದರು. ಅವರ ಬಳಿ ಕನ್ನಡದ ಪುಸ್ತಕ ಇರಲಿಲ್ಲ, ಕಣ್ಣಿತ್ತು. ಮೊದಲ ಓಟಗಾರ ಒಂದನೆಯ ಬೇಸಿಗೆ ಬಂದವನೇ ಕದ್ದ. ಎರಡನೆಯವನೂ ಕದ್ದ. ನಮ್ಮ ಕಡೆಯವರು ಓಡಿದರೆ ಆ ಹುಡುಗ ಮೇಷ್ಟ್ರು ಕೂತಲ್ಲಿಂದಲೇ ಎಸೆದು ಔಟ್ ಮಾಡುತ್ತಿದ್ದ. ಅರ್ಬಾಬ್ ಮೇಲಿನ ಕುರ್ಚಿಯಿಂದ ಒಮ್ಮೆ ತಿರುಗಿ ನನ್ನನ್ನು ನೋಡಿದರು. ನಾನು ಪುಸ್ತಕದ ಮೇಲೆ ಬಗ್ಗಿದೆ.

ಕೊನೆಯ ಪಾಳಿಯಲ್ಲಿ ಎರಡೂ ಕಡೆ ಸಮ. ನೀಲಿಯವರದ್ದೊಬ್ಬ ಎರಡನೆಯ ಬೇಸಿನಿಂದ ಮೂರನೆಯದಕ್ಕೆ ಓಡಿದ. ಜೆರೋಮ್ ಎದ್ದು, ಇಡೀ ಮೈ ಹಾಕಿ ಎಸೆದ. ಚೆಂಡು ಮೂರನೆಯ ಬೇಸಿನವನ ತಲೆಯ ಮೇಲಿಂದ ಹಾದು ಹುಲ್ಲಿಗೆ ಹೋಯಿತು. ಓಟಗಾರ ನಿಲ್ಲದೆ ಮನೆಯ ಬೇಸಿಗೆ, ಅಂದರೆ ಬ್ಯಾಟಿನವನು ನಿಲ್ಲುವ ಜಾಗಕ್ಕೆ, ಓಡಿ ಬಂದ. ಅವನನ್ನು ತಡೆಯಲು ಜೆರೋಮ್ ಅಲ್ಲಿ ನಿಂತಿರಬೇಕಿತ್ತು. ಅವನು ಮೊಣಕಾಲೂರಿ ಕುಳಿತು ಎಡಗೈಯಿಂದ ಬಲಭುಜ ಹಿಡಿದುಕೊಂಡಿದ್ದ. ಆ ಒಂದು ರನ್ನಿಗೆ ಕಪ್ ನೀಲಿಯವರದಾಯಿತು.

ಭುಜದ ಒಳಗಿನ ಸ್ನಾಯು ಹರಿದಿತ್ತು. ಆಪರೇಷನ್ ಆಯಿತು. ಕೈ ತಲೆಯ ಮೇಲೆ ಹೋಗುವುದಿಲ್ಲ, ಭಾರ ಎತ್ತಬಾರದು ಎಂದರು. ಭಾರ ಎತ್ತದೆ ವಾರ್ಡಿನ ನರ್ಸಿಗೆ ಕೆಲಸ ಎಲ್ಲಿ? ಕೂತು ಮಾಡುವ ಕೆಲಸ ಏನಾದರೂ ಇದ್ದೀತೇ ಎಂದು ಅಲ್ಲಿನವರು ಎರಡು ತಿಂಗಳು ನೋಡಿದರು. ಕೊನೆಗೆ ಅವನೇ ಕ್ಯಾನ್ಸಲ್ ಮಾಡುತ್ತೇನೆ ಎಂದ.

ನಮ್ಮಲ್ಲಿ ಒಂದು ರೀತಿ ಇದೆ, ಗಲ್ಫಿಗೆ ಹೊಸಬರಾದವರಿಗೆ ಇದು ಕಲ್ಲು ಮನಸ್ಸಿನಂತೆ ಕಾಣಬಹುದು. ಯಾರಾದರೂ ಕ್ಯಾನ್ಸಲ್ ಮಾಡಿ ಹೋಗುತ್ತೇನೆ ಎಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಯಾವ ವಿಮಾನ, ಎಷ್ಟು ಕಿಲೋ, ಕಾರ್ಗೋ ಹಾಕಿದೆಯಾ, ಇಷ್ಟೇ. ಎಲ್ಲರೂ ಒಂದು ದಿನ ಹೋಗುವವರೇ ಆದ ಊರಿನಲ್ಲಿ ಬೇಸರ ತೋಡಿಕೊಳ್ಳಲು ಹೋದರೆ ಬದುಕಲಿಕ್ಕಾಗುವುದಿಲ್ಲ. ನಾನೂ ಹಾಗೇ ಕೇಳಿದೆ. ಅವನ ಒಂದು ಕೈ ಕಟ್ಟಿದ್ದರಿಂದ ಬಟ್ಟೆಗಳನ್ನೆಲ್ಲ ನಾನೇ ಮಡಚಿ ತುಂಬಿಸಿದೆ. ಕ್ಯಾಚರ್ ಗ್ಲೌಸ್ ಬೇಕಾ ಎಂದು ಕೇಳಿದಾಗ ಬೇಡ ಎಂದ. ಏರ್‌ಪೋರ್ಟಿನ ಬಾಗಿಲಲ್ಲಿ, "ಶುಕ್ರವಾರ ಮೀನು ತರ್ಲಿಕ್ಕೆ ಮರೀಬೇಡಿ, ಬರೀ ಮೊಟ್ಟೆ ತಿಂದು ಕೂರ್ಬೇಡಿ" ಎಂದು ಹೇಳಿ ಹೋದ. ನಿಜ ಹೇಳಲು ನನಗೆ ಅಲ್ಲಿಯೂ ಬಾಯಿ ಬರಲಿಲ್ಲ.

ಆ ಬೇಸಿಗೆ ನಾನು ಕಳೆದ ಬೇಸಿಗೆಗಳಲ್ಲೆಲ್ಲ ಉದ್ದದ್ದು. ಅದನ್ನು ಬರೆಯಲು ಹೋಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಅರ್ಬಾಬ್ ಮತ್ತೆ ಕೇಳಿದರು. ಫೈನಲ್‌ನ ವಿಷಯ ಅವರು ನನ್ನಲ್ಲಿ ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹುಡುಗ ಮೇಷ್ಟ್ರು ಈ ಸಲ ನಮ್ಮ ಕಡೆ ಬರುತ್ತೇನೆ ಎಂದಿದ್ದ. ಆ ಹೊತ್ತಿಗೆ ಸ್ಕೋರ್ ಬರೆಯಲು ಟ್ಯಾಬ್ಲೆಟ್ ಕೊಟ್ಟಿದ್ದರು. ಬೆರಳಿಂದ ಒತ್ತಿದರೆ ಆಯಿತು, ಎಸೆದದ್ದು ತಡವೋ ಹಿಡಿದದ್ದು ತಡವೋ ಎಂದು ಕ್ಯಾಮೆರಾ ಹೇಳುತ್ತದೆ. ಅಂಚಿನಲ್ಲಿ ಬರೆಯಲು ಜಾಗವಿಲ್ಲ. ಒಳ್ಳೆಯದೇ ಆಯಿತು. ಮುಂದೆ ಬರುವವರಿಗೆ ನನ್ನಂಥ ದುರ್ಬುದ್ಧಿ ಬಂದರೂ ಕೈ ನಡೆಯುವುದಿಲ್ಲ. ಹಾಳೆಯನ್ನು ಮಾತ್ರ ನಾನೇ ಬರೆದೆ. ಇಂಗ್ಲಿಷ್ ತಿದ್ದುವವರಿರಲಿಲ್ಲ, ಹಾಗೇ ಕೊಟ್ಟೆ. ಎಲ್ಲ ಜಾಗ ಗಟ್ಟಿ, ಈ ಸಲ ಗೆಲ್ಲುತ್ತೇವೆ ಎಂದು ಬರೆದಿದ್ದೆ. ಆ ಸೀಸನ್ ಮುಗಿದ ಮೇಲೆ ನಿವೃತ್ತನಾಗುತ್ತೇನೆ ಎಂದೂ ಆಗಲೇ ಹೇಳಿಟ್ಟೆ.

ಗೆದ್ದೆವು. ಏಪ್ರಿಲ್‌ನ ಒಂದು ಶುಕ್ರವಾರ ಸಂಜೆ, ನೀಲಿಯವರ ಮೇಲೆಯೇ. ಫೋಟೊಕ್ಕೆ ನಿಲ್ಲುವಾಗ ಅರ್ಬಾಬ್ ನನ್ನನ್ನು ಎಳೆದು ಮಧ್ಯದಲ್ಲಿ ನಿಲ್ಲಿಸಿ ಕಪ್ ಕೈಗೆ ಕೊಟ್ಟರು. ಸುತ್ತ ಇದ್ದವರಲ್ಲಿ ಮೂರು ವರ್ಷಕ್ಕಿಂತ ಹಳಬರು ಯಾರೂ ಇರಲಿಲ್ಲ. ಎಲ್ಲರೂ ಜುಫೈರ್‌ನ ಹೋಟೆಲಿಗೆ ಊಟಕ್ಕೆ ಹೊರಟರು. ನಾನು ಲೈನ್ ಎಳೆಯುವ ಸುಣ್ಣದ ಡಬ್ಬ ಒಳಗಿಡಬೇಕು ಎಂದು ಹಿಂದೆ ಉಳಿದೆ.

ಕಿಟ್ ರೂಮಿನಲ್ಲಿ ಕುಳಿತು ಶಿರ್ವಕ್ಕೆ ಫೋನ್ ಮಾಡಿದೆ. ಗೆದ್ದೆವು ಎಂದಾಗ ಜೆರೋಮ್ ಕೂಗಿದ ಕೂಗಿಗೆ ಅವನ ತಮ್ಮನ ಹೆಂಡತಿ ಹೆದರಿ ಏನಾಯಿತು ಎಂದು ಕೇಳಿದ್ದು ನನಗೂ ಕೇಳಿಸಿತು. ಯಾರು ಹೇಗೆ ಆಡಿದರು ಎಂದು ಒಂದೊಂದನ್ನೂ ಕೇಳಿದ. ಆಮೇಲೆ ಹೇಳಿದ:

"ಹೋದ ಸಲ ನನ್ನ ಕೈ ಒಂದು ಸರಿ ಇದ್ದಿದ್ರೆ ಆಗ್ಲೇ ಆಗ್ತಿತ್ತು ವಾಮನಣ್ಣ. ಆ ಒಂದು ಬಾಲಿಗೆ ಎಂತ ಆಯ್ತೋ ಗೊತ್ತಿಲ್ಲ."

ಇನ್ನು ಹೇಳದಿದ್ದರೆ ಸಾಯುವವರೆಗೂ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಜೆರೋಮ, ಆ ಬಾಲ್ ಅಲ್ಲ. ಅದರ ಹಿಂದಿನ ವರ್ಷವೇ ನಿನ್ನ ಕೈ ಹೋಗಿತ್ತು. ನಾನು ಪುಸ್ತಕದಲ್ಲಿ ಸುಳ್ಳು ಬರೆದದ್ದು. ಎ ಅಂತ ಇದ್ದದ್ದೆಲ್ಲ ಹಿ."

ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

"ಗೊತ್ತಿದ್ದೂ ಬರ್ದದ್ದಾ?"

"ಹೌದು."

"ನಾನು ಆ ಪುಸ್ತಕ ನಂಬಿಯೇ ಎಸ್ದದ್ದಲ್ವಾ ವಾಮನಣ್ಣ ಇಡೀ ವರ್ಷ? ಮಾತ್ರೆ ತಿಂದು ಎಸ್ದೆ."

"ಗೊತ್ತುಂಟು."

"ಎಂತಕ್ಕೆ?"

"ಟೀಮಿಂದ ತೆಗೆದ್ರೆ ಊರಿಗೆ ಹೋಗ್ತೇನೆ ಅಂದಿದ್ದೆಯಲ್ಲ ನೀನು. ನೀನು ಹೋದ್ರೆ ನನಗೆ ಇಲ್ಲಿ ಯಾರೂ ಇರಲಿಲ್ಲ" ಎಂದೆ.

ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ದಣಿದವರ ಹಾಗೆ ಹೇಳಿದ:

"ಅದಕ್ಕೆ ಅಷ್ಟೆಲ್ಲ ಮಾಡ್ಬೇಕಿತ್ತಾ? ಇರು ಮಾರಾಯ ಅಂತ ಒಂದು ಮಾತು ಹೇಳಿದ್ರೆ ನಾನು ಇರ್ತಿದ್ದೆ. ಟೀಮಲ್ಲಿ ಇಲ್ದಿದ್ರೆ ಎಂತ, ಶುಕ್ರವಾರ ಬರ್ತಿದ್ದೆನಲ್ಲ."

ಅವನ ಕೈ ಹೇಗಿದೆ ಎಂದು ಕೇಳಬೇಕೆಂದುಕೊಂಡೆ. ತಪ್ಪಾಯಿತು ಎನ್ನಬೇಕೆಂದುಕೊಂಡೆ. ನನ್ನದು ಇಲ್ಲಿ ಮುಗಿಯಿತು, ಶಿರ್ವದ ಹತ್ತಿರ ಒಂದು ಕೋಣೆ ನೋಡು, ಬರುತ್ತೇನೆ ಎನ್ನಬೇಕೆಂದುಕೊಂಡೆ. ಊಟ ಆಯ್ತಾ ಎಂದು ಕೇಳಿದೆ. ಆಯ್ತು ಎಂದ.